ಹೊಸ್ತಿಲಾಚೆ ನಿಂತವಳು

ಜನವರಿ 4, ಗುರುವಾರ

ನಮ್ಮ ದ್ವೀಪದ ಪುಂತಾ ಲುಮಾಗೆ ಬಂದು ಇವತ್ತಿಗೆ ಮೂರು ದಿನ. ನಾನು ಪಾಠ ಮಾಡುವ ಶಾಲೆಗೆ ಬೇಸಿಗೆ ರಜೆ ಬಿಟ್ಟಿದ್ದಾರೆ; ಭೂಮಿಯ ಈ ದಕ್ಷಿಣ ತುದಿಯಲ್ಲಿ ಜನವರಿಯೇ ಬೇಸಿಗೆ. ಕಾಸ್ತ್ರೋದ ನನ್ನ ಕೋಣೆಯಲ್ಲೇ ಎರಡು ತಿಂಗಳು ಕವಿತೆ ಓದಿಕೊಂಡು ಕಳೆಯೋಣವೆಂದುಕೊಂಡಿದ್ದೆ. ರೊಸೆಂದಾ ಅಕ್ಕ ಫೋನು ಮಾಡಿ, "ಸೋಮವಾರ ಮಧ್ಯಾಹ್ನ ದೋಣಿಕಟ್ಟೆ ಹತ್ರ ಇರು, ದೋಣಿ ತರ್ತೀನಿ," ಎಂದಳು. ಬರುತ್ತೀಯಾ ಎಂದು ಕೇಳಲಿಲ್ಲ. ನಾನೂ ಬರುವುದಿಲ್ಲ ಎನ್ನಲಿಲ್ಲ.

ಅಕ್ಕ ಬಾಗಿಲು ತಟ್ಟುವವಳಲ್ಲ. ಬೆಳಿಗ್ಗೆ ಆರಕ್ಕೆ ಕೋಣೆಯ ಬಾಗಿಲನ್ನು ಭುಜದಿಂದ ನೂಕಿ, "ಏಳೇ, ಸೂರ್ಯ ಹುಟ್ಟಿ ಮುದುಕ ಆದ," ಎನ್ನುತ್ತಾಳೆ. ಒಲೆಯ ಬಳಿ ಕೂರಿಸಿ, ಚಹಾದಂತೆ ಕುಡಿಯುವ ಮಾಟೆ ಎಲೆ ತುಂಬಿದ ಸೋರೆಬುರುಡೆಗೆ ಮೂರು ಚಮಚ ಸಕ್ಕರೆ ಸುರಿದು, ಬಿಸಿನೀರು ಹೊಯ್ದು, ಹೀರುವ ನಳಿಗೆ ಸಮೇತ ಕೈಗಿಡುತ್ತಾಳೆ. ಸಿಹಿ ಮಾಟೆ ನನಗೆ ಸೇರದು. ಇಪ್ಪತ್ತು ವರ್ಷದಿಂದ ಸೇರದು. ಕುಡಿದೆ.

ಹೋದ ವರ್ಷ ಅಡುಗೆಮನೆಯ ಬಾಗಿಲಿಂದ ಸಮುದ್ರದ ಕಡೆಯ ದಿಣ್ಣೆಯ ಅಂಚಿಗೆ ಇಪ್ಪತ್ತೈದು ಹೆಜ್ಜೆ ಇತ್ತು. ಇವತ್ತು ಎಣಿಸಿದೆ: ಹನ್ನೊಂದು. ಕಳೆದ ಚಳಿಗಾಲದ ಬಿರುಗಾಳಿಗೆ ಕೋಳಿಗೂಡು ಸಮುದ್ರಕ್ಕೆ ಬಿತ್ತಂತೆ. "ಕೋಳಿ?" ಎಂದೆ. "ಅವಕ್ಕೆ ನನಗಿಂತ ಬುದ್ಧಿ. ಹಿಂದಿನ ದಿನವೇ ಮರ ಹತ್ತಿದ್ವು," ಎಂದಳು. ಇನ್ನೊಂದು ಚಳಿಗಾಲವನ್ನು ಈ ಮನೆ ಇಲ್ಲಿ ಕಳೆಯಲಾರದು. ಅಪ್ಪ ಒಂದು ಕಬ್ಬಿಣದ ಮೊಳೆಯೂ ಇಲ್ಲದೆ, ಬರೀ ಮರದ ಗೂಟ ಹೊಡೆದು ನಿಲ್ಲಿಸಿದ ಮನೆ. ಊರವರೆಲ್ಲ ಕೂಲಿಯಿಲ್ಲದೆ ಕೂಡಿ ದುಡಿಯುವ ಮಿಂಗಾ ಮಾಡಿಸಿ, ಮರದ ದಿಮ್ಮಿಗಳ ಮೇಲೆ ಏರಿಸಿ, ಊರಿನ ಎತ್ತುಗಳಿಂದ ಮೇಲಿನ ಹುಲ್ಲುಗಾವಲಿಗೆ ಎಳೆಸಬೇಕು. ಅದೂ ಫೆಬ್ರವರಿಯೊಳಗೆ. ಮಾರ್ಚ್ ಬಂದರೆ ಎಲ್ಲರ ಎತ್ತೂ ಆಲೂಗೆಡ್ಡೆ ಹೊಲಕ್ಕೆ, ಆಮೇಲೆ ಮಳೆ.

ಮಧ್ಯಾಹ್ನ ಅಚಾವೊಗೆ ಬಸ್ಸಿನಲ್ಲಿ ಹೋಗಿ ಬಿಬಿಯಾನಾ ತಾಯಿಯ ತರಗತಿ ಸೇರಿದೆ. ಹಿಂದೆ ಸನ್ಯಾಸಿನಿಯಾಗಿದ್ದವರು, ಈಗ ಜೇನು ಸಾಕುತ್ತಾರೆ. 'ತಾಯಿ' ಎಂಬ ಕರೆ ಮಾತ್ರ ಉಳಿದಿದೆ. ಚರ್ಚಿನ ಪಕ್ಕದ ಕೋಣೆಯಲ್ಲಿ ಗುರುವಾರಕ್ಕೊಮ್ಮೆ ಎನಿಯಾಗ್ರಾಮ್ ಕಲಿಸುತ್ತಾರೆ. ಹಲಗೆಯ ಮೇಲೆ ಒಂದು ವೃತ್ತ, ಅದರ ಮೇಲೆ ಒಂಬತ್ತು ಚುಕ್ಕೆ. ಮನುಷ್ಯ ಸ್ವಭಾವದ ಒಂಬತ್ತು ಬಗೆ. ಎಂಟನೆಯ ಚುಕ್ಕೆಯ ಬಳಿ ಬಂದಾಗ ನನ್ನ ಪೆನ್ನು ತಾನಾಗಿ ಓಡಿತು: 'ಯಾರ ಅಂಕೆಗೂ ಸಿಗದವರು. ಮುನ್ನುಗ್ಗುವವರು. ಸೋತವರ ಪರ ನಿಲ್ಲುತ್ತಾರೆ. ತಾವು ಸೋತಂತೆ ಕಾಣುವುದನ್ನು ಮಾತ್ರ ಸಹಿಸರು.' ಪಕ್ಕದಲ್ಲಿ 'ರೊಸೆಂದಾ' ಎಂದು ಬರೆದು ಎರಡು ಗೆರೆ ಎಳೆದೆ. ಬಸ್ಸಿನಲ್ಲಿ ವಾಪಸು ಬರುವಾಗ ಬಹಳ ಸಂತೋಷವಾಗಿತ್ತು. ನಲವತ್ತೆಂಟು ವರ್ಷ ಕೈಗೆ ಸಿಗದ ಅಕ್ಕ ಒಂದು ಅಂಕಿಯಲ್ಲಿ ಸಿಕ್ಕಿಬಿಟ್ಟಳಲ್ಲ!

ಜನವರಿ 7, ಭಾನುವಾರ

ಪ್ರಾರ್ಥನೆ ಮುಗಿದು ಜನ ಇನ್ನೂ ಎದ್ದಿರಲಿಲ್ಲ. ಅಕ್ಕ ಪೀಠದ ಮುಂದೆ ಹೋಗಿ ನಿಂತಳು. "ಎಲ್ಲರೂ ಕೇಳಿ. ಇಪ್ಪತ್ತನೇ ತಾರೀಖು ಶನಿವಾರ ನನ್ನ ಮನೆ ಎಳೀಬೇಕು. ಬೆಳಿಗ್ಗೆ ಎಂಟಕ್ಕೆ. ಹನ್ನೆರಡು ಜೋಡಿ ಎತ್ತು ಬೇಕು. ತಡ ಮಾಡ್ಬೇಡಿ."

ಎಡಸಾಲಿನಲ್ಲಿ ದೋನ್ ಬೌತಿಸ್ತಾ ಲೆವಿಕೊಯ್ ಟೋಪಿಯನ್ನು ಮೊಣಕಾಲ ಮೇಲೆ ತಿರುಗಿಸುತ್ತ ಕೂತಿದ್ದರು. ದ್ವೀಪದಲ್ಲಿ ಮನೆ ಎಳೆಸಲು ಬಲ್ಲವರು ಅವರೊಬ್ಬರೇ. ಅಕ್ಕ ಬಲಸಾಲಿನಲ್ಲಿ ಕೂರುತ್ತಾಳೆ. ಒಂಬತ್ತು ವರ್ಷದಿಂದ ಇಬ್ಬರಿಗೂ ಮಾತಿಲ್ಲ. ಈ ಚರ್ಚಿನ ಮಾಡು ರಿಪೇರಿಯಾದಾಗ ಅವರು ಹೊಡೆದ ಒಂದಿಡೀ ಸಾಲು ಮರದ ಹೆಂಚನ್ನು ಅಕ್ಕ ಊರೆಲ್ಲ ನೋಡುವಂತೆ, "ಸೊಟ್ಟ! ಸೊಟ್ಟ!" ಎಂದು ಕೂಗಿ ಕಿತ್ತು, ಅವರನ್ನು ಕೆಳಗಿಳಿಸಿ, ತಾನೇ ಹತ್ತಿ ಹೊಡೆದಿದ್ದಳು.

ದಾರಿಯಲ್ಲಿ ನಾನೆಂದೆ, "ಅಕ್ಕಾ, ಮಿಂಗಾಕ್ಕೆ ಮನೆಮನೆಗೆ ಹೋಗಿ ಬೇಡಿಕೊಳ್ಳಬೇಕಲ್ಲವಾ?"

"ಅದೆಲ್ಲ ಹಳೇ ಕಾಲದ್ದು. ಒಂದೇ ಸಲ ಎಲ್ಲರ ಕಿವಿಗೂ ಬಿತ್ತಲ್ಲ. ಇಪ್ಪತ್ತು ಬಾಗಿಲು ಸುತ್ತೋ ಬೂಟು ಉಳೀತು."

ಸರಿ ಎಂದೆ. ವಾದ ಮಾಡಿ ಏನು ಪ್ರಯೋಜನ?

ಜನವರಿ 11, ಗುರುವಾರ

ತರಗತಿಯಲ್ಲಿ ನನ್ನ ಸರದಿ ಬಂತು. ಅಕ್ಕನ ಬಗ್ಗೆ ಹೇಳಿದೆ. ಅಮ್ಮ ಸತ್ತಾಗ ನನಗೆ ಒಂಬತ್ತು, ಅವಳಿಗೆ ಇಪ್ಪತ್ತೆರಡು. ಎರಡು ವರ್ಷ ಕಳೆದು ಅಪ್ಪನ ದೋಣಿ ಮಗುಚಿತು. ಅವರ ಹಗ್ಗ, ಬಲೆ, ಚಿಪ್ಪುಮೀನು ಸಾಕುವ ಸಾಲು ಎಲ್ಲವನ್ನೂ ಅಕ್ಕ ಹಿಡಿದಳು. ಗಂಡಸರ ಮೇಲೆ ಯಜಮಾನಿಕೆ ಮಾಡಿದಳು. ನನಗೆ ಹಾಸ್ಟೆಲ್ ಸೀಟಿಲ್ಲ ಎಂದ ಹೆಡ್‌ಮಾಸ್ಟರರ ಮೇಜಿನ ಮೇಲೆ ಒಂದು ಬುಟ್ಟಿ ಜೀವಂತ ಏಡಿ ಸುರಿದು, "ಸೀಟು ಸಿಗೋವರೆಗೂ ಇವು ಇಲ್ಲೇ," ಎಂದಳು. ಮದುವೆಯಾಗಲಿಲ್ಲ. ಕೇಳಿದ ಇಬ್ಬರಿಗೂ "ನನ್ನ ದೋಣಿಗೆ ಇಬ್ಬರು ಚುಕ್ಕಾಣಿ ಹಿಡಿಯೋಕಾಗಲ್ಲ," ಎಂದಳಂತೆ.

ಎಲ್ಲರೂ ನಕ್ಕರು. ಬಿಬಿಯಾನಾ ತಾಯಿ ಗಡಿಯಾರ ನೋಡಿ, "ಅಲ್ಬಿನಾ, ನಲವತ್ತು ನಿಮಿಷ ಅಕ್ಕನ ಬಗ್ಗೆ ಮಾತಾಡಿದೆ. ನಿನ್ನ ಬಗೆ ಯಾವುದು?" ಎಂದರು.

"ಇನ್ನೂ ತೀರ್ಮಾನಿಸಿಲ್ಲ ತಾಯಿ. ಎಲ್ಲವೂ ಸ್ವಲ್ಪ ಸ್ವಲ್ಪ ನನ್ನ ಹಾಗೇ ಇವೆ."

"ಹಾಗಾದ್ರೆ ನೀನು ಒಂಬತ್ತು. ಜಗಳ ಬೇಡ ಅಂತ ತನ್ನ ಇಷ್ಟವನ್ನೇ ಮರೆತವರು. ಅವರು ಮಾತ್ರ ಹಾಗೆ ಉತ್ತರ ಕೊಡೋದು." ಇನ್ನೊಂದು ಮಾತು ಹೇಳಿದರು: "ಅಂಕಿ ಅಂದ್ರೆ ಮನುಷ್ಯನ ಹೆಸರಲ್ಲ. ಅವನು ಭಯಾನ ಎಲ್ಲಿ ಬಚ್ಚಿಟ್ಟಿದ್ದಾನೆ ಅನ್ನೋ ವಿಳಾಸ."

ಅಕ್ಕನಿಗೆ ಭಯವೇ? ವಿಳಾಸ ತಪ್ಪಿರಬೇಕು.

ಸಂಜೆ ಧೈರ್ಯ ಮಾಡಿ ಅವಳಿಗೆ ಚಿತ್ರ ತೋರಿಸಿದೆ. "ನೀನು ಎಂಟು, ಅಕ್ಕಾ."

ಅವಳು ಚಿಪ್ಪು ಬಿಡಿಸುತ್ತಿದ್ದ ಚಾಕು ನಿಲ್ಲಿಸಲಿಲ್ಲ. "ಎಂಟು ಸಾಲಲ್ಲ, ಹನ್ನೆರಡು ಜೋಡಿ ಬೇಕು. ಆ ಕಾಗದ ಒದ್ದೆ ಆಗ್ತದೆ, ತೆಗಿ."

ಜನವರಿ 20, ಶನಿವಾರ

ಅಕ್ಕ ನಾಲ್ಕಕ್ಕೇ ಎದ್ದಿದ್ದಳು. ಕುರಾಂತೋ ಅಡುಗೆಗೆ ಅಂಗಳದಲ್ಲಿ ಗುಂಡಿ ತೋಡಿ ಕಲ್ಲು ಕಾಯಿಸಿದ್ದಳು. ಚಿಪ್ಪುಮೀನು ನಾಲ್ಕು ಮೂಟೆ, ಹೊಗೆಯಾಡಿಸಿದ ಹಂದಿಮಾಂಸ, ಮುಚ್ಚಲು ಅಗಲ ಎಲೆ. ಸೇಬು ಹುಳಿಸಿ ಮಾಡಿದ ಚಿಚಾ ಎರಡು ಪೀಪಾಯಿ. ಎಂಟು ಗಂಟೆಗೆ ಹೊಸ ಕೈಗವಸು ಹಾಕಿಕೊಂಡು ಬೇಲಿಯ ಬಳಿ ನಿಂತಳು.

ಎಂಟೂವರೆ. ಒಂಬತ್ತು. ಹತ್ತು.

ಹತ್ತೂಕಾಲಿಗೆ ದೋನ್ಯಾ ಕ್ಲೊರಿಂದಾ ಬಂದರು. ಎಂಬತ್ತಮೂರು ವರ್ಷ, ಅಮ್ಮನ ಸ್ನೇಹಿತೆ. ಜೊತೆಗೆ ಒಂದೇ ಒಂದು ಎತ್ತು, ಅದೂ ಕುಂಟು. "ಇನ್ನೊಂದು ಹೋದ ತಿಂಗಳು ಸತ್ತೋಯ್ತು ಕಣಮ್ಮ. ಬರೀಗೈಲಿ ಬರಬಾರದು ಅಂತ ಇದನ್ನೇ ಹೊಡ್ಕೊಂಡು ಬಂದೆ."

"ಉಳಿದವರೆಲ್ಲ ಎಲ್ಲಿ ಸತ್ತರು?"

"ಯಾರನ್ನ ಕರೆದಿದ್ದೆ?"

"ಊರಿಗೆಲ್ಲ ಹೇಳಿದ್ನಲ್ಲ!"

ಮುದುಕಿ ಬಂಡೆಯ ಮೇಲೆ ಕೂತು ಕಾಲು ಉಜ್ಜಿಕೊಂಡರು. "ಊರಿಗೆಲ್ಲ ಹೇಳಿದ್ರೆ ಯಾರಿಗೂ ಹೇಳ್ದಂಗಲ್ಲ, ರೊಸೆಂದಾ. ಗಂಟೆ ಹೊಡೆದ್ರೆ ಚರ್ಚಿಗೆ ಜನ ಬರ್ತಾರೆ, ಮಿಂಗಾಕ್ಕೆ ಬರಲ್ಲ. ನಿಮ್ಮಪ್ಪ ಈ ಮನೆ ಕಟ್ಟೋವಾಗ ನನ್ನ ಬಾಗಿಲಿಗೆ ಬಂದು ಟೋಪಿ ತೆಗೆದು ನಿಂತಿದ್ದ. ಮಳೇಲಿ ನಿಂತಿದ್ದ. 'ಒಳಗೆ ಬಾ' ಅನ್ನೋವರೆಗೂ ಹೊಸ್ತಿಲು ದಾಟಲಿಲ್ಲ."

ನಮ್ಮ ಕಡೆಯ ರೀತಿಯೇ ಅದು. ಮನೆಯ ಯಜಮಾನ ಪ್ರತಿ ಬಾಗಿಲಿಗೂ ತಾನೇ ಹೋಗಬೇಕು, ಹೊಸ್ತಿಲಾಚೆ ನಿಂತು 'ಬೇಡಿಕೊಳ್ಳಲು ಬಂದಿದ್ದೇನೆ' ಎನ್ನಬೇಕು. ಅವರು 'ಒಳಗೆ ಬಾ' ಎಂದರೆ ಒಪ್ಪಿದಂತೆ. ಹೊರಗೇ ಕೂರಿಸಿ ಮಾತಾಡಿಸಿದರೆ ಇಲ್ಲವೆಂದಂತೆ. ಅಕ್ಕನಿಗೆ ಇದು ಗೊತ್ತಿಲ್ಲದೇ ಇಲ್ಲ.

ನಾಲ್ಕು ಮೂಟೆ ಚಿಪ್ಪುಮೀನನ್ನು ನಾವು ಮೂವರೂ ತಿಂದೆವು ಎಂದರೆ ಸುಳ್ಳಾಗುತ್ತದೆ. ಆದರೆ ದೋನ್ಯಾ ಕ್ಲೊರಿಂದಾ ತಕ್ಕಮಟ್ಟಿಗೆ ಪ್ರಯತ್ನಿಸಿದರು.

ಜನವರಿ 21, ಭಾನುವಾರ

ಅಕ್ಕ ಚರ್ಚಿಗೆ ಬರಲಿಲ್ಲ. ನಾನೂ ಹೋಗಲಿಲ್ಲ. ಗಾಳಿ.

ಜನವರಿ 24, ಬುಧವಾರ

ಪೇಟೆಯಿಂದ ಒಬ್ಬ ಕಂತ್ರಾಟುದಾರ ಬಂದಿದ್ದ. ಮನೆಯನ್ನು ಸುತ್ತಿ ನೋಡಿ, "ಇಡಿಯಾಗಿ ಲಾರಿಗೆ ಏರಲ್ಲ ಸೆನ್ಯೋರಾ. ನಡುವೆ ಕುಯ್ದು ಎರಡು ಭಾಗ ಮಾಡ್ಬೇಕು. ಆಮೇಲೆ ಮೇಲೆ ಜೋಡಿಸ್ಕೊಬೋದು, ಹೆಚ್ಚು ಕಡಿಮೆ," ಎಂದ.

"ಹೆಚ್ಚು ಕಡಿಮೆ ಅಂದ್ರೆ?"

"ಅಂದ್ರೆ, ಬಾಗಿಲು ಸ್ವಲ್ಪ ಕಿರುಗುಟ್ಟಿ ಅಳಬೋದು."

ಅವನು ಹೋದ ಮೇಲೆ ಅಕ್ಕ ಒಲೆಯಿಂದ ಇದ್ದಿಲು ತೆಗೆದು, ಅಡುಗೆಮನೆಯ ಗೋಡೆಯ ಮೇಲೆ, ಅಮ್ಮ ಬಟ್ಟಲು ತೂಗುಹಾಕುತ್ತಿದ್ದ ಗೂಟಗಳ ನಡುವೆ, ಸೂರಿನಿಂದ ನೆಲದವರೆಗೆ ಒಂದು ಗೆರೆ ಎಳೆದಳು. ನೇರವಾದ ಗೆರೆ. "ಸೋಮವಾರ ಗರಗಸ ಬರ್ತದೆ," ಎಂದಳು.

ಎಂಟನೆಯವರ ಬಗ್ಗೆ ಟಿಪ್ಪಣಿ ತೆಗೆದು ಓದಿದೆ. 'ಬಾಗುವುದಕ್ಕಿಂತ ಮುರಿಯುವುದು ಲೇಸೆಂದು ತಿಳಿದವರು.' ಮಾತು ಸರಿಯಾಗಿದೆ. ಆದರೆ ಮುರಿಯುತ್ತಿರುವುದು ಮನೆ.

ಕವಿತೆ ಓದುವವರಿಗೆ ಒಂದು ಕೆಟ್ಟ ಚಾಳಿ: ಎದುರಿಗಿರುವ ಮನುಷ್ಯರನ್ನೂ ಸಾಲುಸಾಲಾಗಿ ಬಿಡಿಸಿ ಅರ್ಥ ಹೇಳಿ ಪುಸ್ತಕ ಮುಚ್ಚಿಬಿಡುತ್ತೇವೆ. ನಾನೂ ಏನಾದರೂ ಮಾಡಬೇಕು. ಅಕ್ಕನಿಗೆ ನೋವಾಗದ ಹಾಗೆ, ಸದ್ದಿಲ್ಲದೆ.

ಜನವರಿ 26, ಶುಕ್ರವಾರ

ಸದ್ದಿಲ್ಲದೆ ಮಾಡಿದೆ. ಮಾಡಬಾರದ್ದನ್ನು ಮಾಡಿದೆ.

ಅಕ್ಕ ದೋಣಿ ತೆಗೆದುಕೊಂಡು ಹೋದ ಮೇಲೆ ಗುಡ್ಡ ಹತ್ತಿ ದೋನ್ ಬೌತಿಸ್ತಾ ಮನೆಗೆ ಹೋದೆ. ಹೊಸ್ತಿಲಾಚೆ ನಿಂತು ಹೇಳಿದೆ, "ದೋನ್ ಬೌತಿಸ್ತಾ, ಅಕ್ಕನ ಪರವಾಗಿ ಬೇಡಿಕೊಳ್ಳೋಕೆ ಬಂದಿದೀನಿ."

ಅವರು ಹೊರಬಂದು, ಜಗಲಿಯ ಬೆಂಚು ಒರೆಸಿ, "ಕೂತ್ಕೋ ಮಗಳೇ," ಎಂದರು. ಲೋಟದಲ್ಲಿ ಚಿಚಾ ತಂದುಕೊಟ್ಟರು. ಹೊರಗೇ. ಆಗಲೇ ಗೊತ್ತಾಯಿತು.

"ನಿಮ್ಮಕ್ಕ ಹಸಿವಾದ್ರೆ ಊಟ ಮಾಡೋಕೂ ತಂಗೀನೇ ಕಳಿಸ್ತಾಳಾ?"

"ಅವಳು ಕಳಿಸಿಲ್ಲ. ನಾನೇ ಬಂದೆ."

"ಅದು ಇನ್ನೂ ಕೆಟ್ಟದ್ದಾಯ್ತಲ್ಲ. ಈಗ ನಾನು ಹೂಂ ಅಂದ್ರೆ, ಎಳೆಯೋದು ಯಾರ ಮನೆ? ಬೇಡದೇ ಇದ್ದೋಳ ಮನೆ. ನಾಳೆ ಜನ ಏನಂತಾರೆ? ರೊಸೆಂದಾ ಚಿಗುವೈ ಬೇಡೋಕೆ ತಂಗೀನ ಇಟ್ಕೊಂಡಿದಾಳೆ ಅಂತಾರೆ. ನಾನು ಅವಳ ಮೇಲೆ ಸಿಟ್ಟಾಗಿದೀನಿ, ನಿಜ. ಆದ್ರೆ ಅಷ್ಟು ಅವಮಾನ ಮಾಡಲ್ಲ."

ತಲೆ ತಗ್ಗಿಸಿ ಚಿಚಾ ಕುಡಿದೆ. ಹುಳಿಯಾಗಿತ್ತು.

"ಹೆಂಚು ನಿಜವಾಗ್ಲೂ ಸೊಟ್ಟಗಿತ್ತಾ?" ಎಂದು ಕೇಳಿದೆ. ಯಾಕೆ ಕೇಳಿದೆನೋ.

ಅವರು ನಕ್ಕರು. "ಹಾವು ಹರಿದಂಗಿತ್ತು. ಆದ್ರೆ ಕೆಳಗಿಳಿದ ಮೇಲೆ ಹೇಳಬೋದಿತ್ತು."

ಜನವರಿ 27, ಶನಿವಾರ

ದ್ವೀಪದಲ್ಲಿ ಗುಟ್ಟು ನನಗಿಂತ ಬೇಗ ಗುಡ್ಡ ಇಳಿಯುತ್ತದೆ. ಬೆಳಿಗ್ಗೆ ಅಕ್ಕ ಬಾಗಿಲು ನೂಕಿಕೊಂಡು ಅಡುಗೆಮನೆಗೆ ಬಂದಳು. ಕೈಯಲ್ಲಿ ಇನ್ನೂ ದೋಣಿಯ ಹುಟ್ಟು ಇತ್ತು.

"ನನ್ನ ಹೆಸರಲ್ಲಿ ಭಿಕ್ಷೆ ಎತ್ತೋಕೆ ಹೋಗಿದ್ಯಂತೆ?"

"ಹೌದು. ತಪ್ಪಾಯ್ತು ಅಕ್ಕಾ. ನಾನು ಹೋಗಬಾರದಿತ್ತು. ಹೋಗಬೇಕಾದವಳು ನೀನು."

"ನಾನು ಯಾರ ಬಾಗಿಲಿಗೂ ಹೋದವಳಲ್ಲ. ಅಪ್ಪ ಸತ್ತಾಗ ಹೋಗ್ಲಿಲ್ಲ, ನಿನ್ನ ಓದಿಸೋವಾಗ ಹೋಗ್ಲಿಲ್ಲ. ಈಗ್ಯಾಕೆ ಹೋಗ್ಲಿ? ಸೋಮವಾರ ಗರಗಸ ಬರ್ತದೆ. ಆ ಪಾತ್ರೆ ಎಲ್ಲ ಇಳಿಸು. ಗೋಡೆ ಬಿಟ್ಟು ಈ ಕಡೆ ಬಾ."

"ಬರಲ್ಲ."

"ಏನಂದೆ?"

"ಬರಲ್ಲ ಅಂದೆ. ಗರಗಸ ಬಂದ್ರೆ ನನ್ನನ್ನೂ ಸೇರಿಸಿ ಕುಯ್ಯಲಿ. ಈ ಗೋಡೆಯ ಗೂಟ ಅಪ್ಪ ಹೊಡೀತಿದ್ದಾಗ ನಾನು ಅಮ್ಮನ ಹೊಟ್ಟೇಲಿದ್ದೆ. ನೀನು ಪಕ್ಕದಲ್ಲಿ ನಿಂತು ಸುತ್ತಿಗೆ ಕೊಡ್ತಿದ್ದೆ. ಈ ಮನೆಗಾಗಿ ಅಪ್ಪ ಮಳೇಲಿ ನಿಂತ. ನಿನಗೆ ಬಿಸಿಲಲ್ಲಿ ನಿಲ್ಲೋಕೆ ಏನು ರೋಗ?"

ಕೂಗಾಡುತ್ತಾಳೆಂದುಕೊಂಡೆ. ಹುಟ್ಟನ್ನು ಮೂಲೆಗೆ ಒರಗಿಸಿ ಕುರ್ಚಿಯಲ್ಲಿ ಕುಸಿದಳು. "ಅಮ್ಮನ ಹಟಮಾರಿ ಗದ್ದ ನಿನಗೂ ಇದೆ. ಇಷ್ಟು ವರ್ಷ ಎಲ್ಲಿಟ್ಟಿದ್ದೆ?"

ಆಮೇಲೆ ಒಲೆಯನ್ನೇ ನೋಡುತ್ತ, ನಾನೆಂದೂ ಕೇಳದ ಸಣ್ಣ ದನಿಯಲ್ಲಿ, "ಕೇಳಿದ ಮೇಲೆ ಇಲ್ಲ ಅಂದ್ರೆ?" ಎಂದಳು. "ಬಾಗಿಲಲ್ಲಿ ನಿಂತು ಕೇಳ್ಬಿಟ್ಟು, ಅವರು ಹೊರಗೇ ಕೂರಿಸಿದ್ರೆ? ಆಮೇಲೆ ದಿನಾ ಅದೇ ಬಾಗಿಲ ಮುಂದೆ ಹೆಂಗೆ ಓಡಾಡ್ಲಿ, ಅಲ್ಬಿನಾ?"

ಮಾಟೆ ಮಾಡಿದೆ. ಅವಳ ಸರದಿಗೆ ಸಕ್ಕರೆ ಹಾಕಿದೆ, ನನ್ನ ಸರದಿಗೆ ಹಾಕಲಿಲ್ಲ. ಇಬ್ಬರೂ ಒಂದೇ ಬುರುಡೆಯಲ್ಲಿ ಒಂದು ಕೆಟಲು ನೀರು ಮುಗಿಸಿದೆವು. ಹಿತವಾಗಿತ್ತು.

ನನ್ನ ಬಿಳಿ ಅಂಗಿಯ ಬೆನ್ನಿಗೆ ಉದ್ದಕ್ಕೆ ಇದ್ದಿಲ ಮಸಿ ಹತ್ತಿದೆ. ಎರಡು ಸಲ ಒಗೆದೆ, ಹೋಗಲಿಲ್ಲ.

ಜನವರಿ 30, ಮಂಗಳವಾರ

ನಿನ್ನೆ ಗರಗಸ ಬರಲಿಲ್ಲ. ಬರಬೇಡ ಎಂದು ಅಕ್ಕನೇ ಫೋನು ಮಾಡಿದ್ದಳಂತೆ. ಇವತ್ತು ಊಟವಾದ ಮೇಲೆ ಅವಳು ಅಡುಗೆಮನೆಯ ಹೊರಗೆ ಹೋಗಿ ನಿಂತು, "ನೀನು ಒಳಗಿರು. ನೀನು ದೋನ್ಯಾ ಕ್ಲೊರಿಂದಾ ಅಂದ್ಕೊ," ಎಂದಳು.

"ಸರಿ. ಯಾರದು?"

"ಯಾರದು ಅಂದ್ರೆ? ಕಣ್ಣು ಕಾಣಲ್ವಾ? ನಾನು ರೊಸೆಂದಾ."

"ಅಕ್ಕಾ, ಬೇಡೋಕೆ ಬಂದವರು ಹಾಗೆ ಹೇಳ್ತಾರಾ?"

ಎರಡನೆಯ ಸಲ: "ಬೇಡ್ಕೊಳ್ತಾ ಇದೀನಿ. ಶನಿವಾರ ಹದಿನೇಳು. ಎಂಟು ಗಂಟೆ. ತಿಳೀತಾ?"

ಮೂರನೆಯ ಸಲ 'ದಯವಿಟ್ಟು' ಎಂಬ ಮಾತು ಬಂತು. ಬಂದ ರೀತಿಗೆ ಅಂಗಳದ ನಾಯಿ ಎದ್ದು ದೂರ ಹೋಯಿತು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವಳೂ ನಕ್ಕಳು, ನಕ್ಕು ಕಣ್ಣೊರೆಸಿಕೊಂಡು, "ನಗಬೇಡ್ವೇ. ಬಿರುಗಾಳೀಲಿ ಲಂಗರು ಎಳೆಯೋದು ಇದಕ್ಕಿಂತ ಸುಲಭ," ಎಂದಳು.

ಫೆಬ್ರವರಿ 1, ಗುರುವಾರ

ಅಕ್ಕ ಚರ್ಚಿಗೆ ಹಾಕುವ ಕಪ್ಪು ಬೂಟು ಹಾಕಿದಳು. ಜೊತೆಗೆ ಬರಲು ಹೇಳಿದಳು, ಆದರೆ ಬೇಲಿಯ ಹೊರಗೇ ನಿಲ್ಲಬೇಕೆಂಬ ಕರಾರು. ದೋನ್ಯಾ ಕ್ಲೊರಿಂದಾ ಮನೆಯಲ್ಲಿ ಅವಳು ಬಾಯಿ ತೆರೆಯುವ ಮೊದಲೇ "ಒಳಗೆ ಬಾರೇ" ಎಂದುಬಿಟ್ಟರು. "ಇರಿ, ಇನ್ನೂ ಕೇಳಿಲ್ಲ!" ಎಂದು ಅಕ್ಕ ಹೊರಗೇ ನಿಂತು, ಪೂರ್ತಿ ಹೇಳಿ ಮುಗಿಸಿಯೇ ಒಳಗೆ ಹೋದಳು. ಮಧ್ಯಾಹ್ನದ ಹೊತ್ತಿಗೆ ಏಳು ಬಾಗಿಲಾಯಿತು. ಏಳರಲ್ಲಿ ಆರು ಒಳಗೆ, ಒಂದು ಹೊರಗೆ. ಹೊರಗೆ ಕೂರಿಸಿದ ಮನೆಯಿಂದ ಬರುವಾಗ ಮುಖ ಕೆಂಪಾಗಿತ್ತು. ಹತ್ತು ಹೆಜ್ಜೆ ನಡೆದು, "ಸಾಯಲಿಲ್ಲವಲ್ಲ," ಎಂದಳು. ನನಗೋ ತನಗೋ ಗೊತ್ತಿಲ್ಲ.

ಎಂಟನೆಯದು ದೋನ್ ಬೌತಿಸ್ತಾ ಮನೆ. ನಾನು ಬೇಲಿಯಾಚೆ ಇದ್ದೆ. ಆದರೆ ನಮ್ಮಕ್ಕನ ಪಿಸುಮಾತೂ ಕೊಲ್ಲಿಯ ಆಚೆ ದಡಕ್ಕೆ ಕೇಳಿಸುತ್ತದೆ.

"ಬೌತಿಸ್ತಾ ಲೆವಿಕೊಯ್, ಬೇಡಿಕೊಳ್ಳೋಕೆ ಬಂದಿದೀನಿ."

ಅವರು ಬಾಗಿಲಲ್ಲೇ ನಿಂತರು. ಒಳಗೂ ಕರೆಯಲಿಲ್ಲ, ಬೆಂಚೂ ತೋರಿಸಲಿಲ್ಲ. "ಮೊದಲು ಒಂದು ಮಾತು ಹೇಳು. ಅವತ್ತು ಯಾಕೆ ಹಂಗ್ಮಾಡ್ದೆ?"

"ಹೆಂಚು ಸೊಟ್ಟಗಿತ್ತು."

"ಅದು ಗೊತ್ತು. ಯಾಕೆ ಹಂಗೆ ಮಾಡ್ದೆ?"

ಅಕ್ಕ ಬೂಟಿನ ತುದಿ ನೋಡುತ್ತ ನಿಂತಳು. ಗಾಳಿ ಬೀಸಿತು. ಕಡೆಗೆ ಹೇಳಿದಳು, "ನೀನು ಮೊಳೆ ಅಂದ್ಕೊಂಡು ಬರೀ ಹಲಗೆಗೆ ಹೊಡೀತಿದ್ದೆ ಬೌತಿಸ್ತಾ. ಎರಡು ಸಲ ಕಾಲು ಜಾರಿತು, ನಾನು ಕೆಳಗಿಂದ ನೋಡಿದೆ. ನಿನಗೆ ಕಣ್ಣು ಕಾಣ್ತಿರಲಿಲ್ಲ. ಕಣ್ಣಿಲ್ಲ ಅಂತ ಕೂಗಿದ್ರೆ ಆಮೇಲೆ ಯಾರೂ ನಿನ್ನ ಕೆಲಸಕ್ಕೆ ಕರೀತಿರಲಿಲ್ಲ. ಅದಕ್ಕೇ ಸೊಟ್ಟ ಅಂತ ಕೂಗಿದೆ. ಹೇಗಾದ್ರೂ ಮಾಡಿ ಕೆಳಗಿಳಿಸಬೇಕಿತ್ತು."

ದೋನ್ ಬೌತಿಸ್ತಾ ಟೋಪಿ ತೆಗೆದರು. ಮರುವರ್ಷವೇ ಅವರು ಕಣ್ಣಿನ ಪೊರೆ ತೆಗೆಸಿಕೊಂಡಿದ್ದರು, ಅದು ಊರಿಗೆಲ್ಲ ಗೊತ್ತು. ಅದಕ್ಕೆ ಮುಂಚಿನದು ಯಾರಿಗೂ ಗೊತ್ತಿರಲಿಲ್ಲ.

"ಒಂಬತ್ತು ವರ್ಷ ಬಾಯಿ ಮುಚ್ಕೊಂಡಿದ್ಯಾ? ನೀನು?"

"ನೀನೇ ಕೇಳಲಿಲ್ಲ."

"ಕತ್ತೆ," ಎಂದರು ಅವರು. "ಒಳಗೆ ಬಾ. ಗಾಳಿ ಬರ್ತದೆ."

ನನ್ನನ್ನೂ ಕರೆದರು. ತರಗತಿ ಇವತ್ತು ತಪ್ಪಿತು. ಮುಂದಿನ ವಾರವೂ ಹೋಗಲು ಆಗುತ್ತದೋ ಇಲ್ಲವೋ.

ಫೆಬ್ರವರಿ 12, ಸೋಮವಾರ

ಬರೆಯಲು ಪುರುಸೊತ್ತಿಲ್ಲ. ಕಿಟಕಿಯ ಗಾಜು ಇಳಿಸಿದೆವು, ಒಲೆ ಹೊರಗಿಟ್ಟೆವು. ಗೋಡೆಗೋಡೆಗೆ ಅಡ್ಡತೊಲೆ ಬಿಗಿದರು. ದೋನ್ ಬೌತಿಸ್ತಾ ದಿಮ್ಮಿ ಇಡಲು ಬಂದಾಗ ಅಕ್ಕ ಹೇಗಿಡಬೇಕೆಂದು ಹೇಳತೊಡಗಿದಳು. "ಅಕ್ಕಾ, ಅಡುಗೆ ನೋಡು," ಎಂದೆ. ಹೋದಳು.

ಫೆಬ್ರವರಿ 18, ಭಾನುವಾರ

ನಿನ್ನೆ ಮನೆ ನಡೆಯಿತು.

ಹದಿನಾಲ್ಕು ಜೋಡಿ ಎತ್ತು. ದೋನ್ಯಾ ಕ್ಲೊರಿಂದಾ ತಮ್ಮ ಕುಂಟೆತ್ತಿಗೆ ಅಳಿಯನ ಮನೆಯಿಂದ ಜೊತೆ ತಂದು ಹದಿನೈದು ಮಾಡುತ್ತೇನೆಂದರು. ಆ ಕುಂಟೆತ್ತಿಗೆ ಹೂಮಾಲೆ ಹಾಕಿ ಬೇಲಿಗೆ ಕಟ್ಟಿ, ಮೇಲ್ವಿಚಾರಣೆಗೆ ನೇಮಿಸಿದೆವು. ಎಳೆಸುವಾಗ ಒಂದೇ ದನಿ ಇರಬೇಕು, ಅದು ದೋನ್ ಬೌತಿಸ್ತಾರದ್ದು; ಮನೆಯವರು ಬಾಯಿ ಬಿಡಬಾರದು. ಅಕ್ಕ ನನ್ನನ್ನು ಕರೆದು, "ನನ್ನ ಮೇಲೆ ನನಗೇ ನಂಬಿಕೆ ಇಲ್ಲ," ಎಂದು, ಆಲೂಗೆಡ್ಡೆಯ ಬಿಸಿ ಮಿಲ್ಕಾವ್ ರೊಟ್ಟಿಯನ್ನು ಇಡಿಯಾಗಿ ಬಾಯಿಗೆ ತುರುಕಿಕೊಂಡಳು. ಅರ್ಧ ದಾರಿಗೆ ನಾಲ್ಕು ಮಿಲ್ಕಾವ್ ಮುಗಿದಿತ್ತು.

ಮೊದಲು ಒಂದು ನರಳಿಕೆ ಕೇಳಿಸಿತು, ಹಡಗು ತೀರ ಬಿಡುವ ಹಾಗೆ. ಆಮೇಲೆ ನಾನು ಹುಟ್ಟಿದ ಮನೆ, ಮಾಡು ಗೋಡೆ ಬಾಗಿಲು ಸಮೇತ, ಹುಲ್ಲಿನ ಮೇಲೆ ಹೊರಟಿತು. ಇದನ್ನು ಕವಿತೆಯಲ್ಲಿ ಓದಿದ್ದರೆ ಕವಿ ಹೆಚ್ಚು ಹೇಳಿದ ಎನ್ನುತ್ತಿದ್ದೆ. ಖಾಲಿ ಕಿಟಕಿಯೊಳಗಿಂದ ಇದ್ದಿಲ ಗೆರೆ ಕಾಣುತ್ತಿತ್ತು.

ಕಾಲುವೆಯ ಬಳಿ ಹೂತುಕೊಂಡಿತು. ಎಲ್ಲರ ಕಣ್ಣೂ ಎತ್ತುಗಳ ಮೇಲೆ. ಹಿಂದಿನ ದಿಮ್ಮಿ ಓರೆಯಾಗುತ್ತಿದ್ದದ್ದು, ಅದರ ಪಕ್ಕ ದೋನ್ ಬೌತಿಸ್ತಾ ಬಗ್ಗಿದ್ದದ್ದು ಯಾರೂ ನೋಡಲಿಲ್ಲ. ಅಷ್ಟರಲ್ಲಿ ಯಾರೋ "ನಿಲ್ಲಿಸಿ!" ಎಂದು ಚೀರಿದರು. ಇಪ್ಪತ್ತೆಂಟು ಎತ್ತೂ ಸ್ತಬ್ಧ. ದಿಮ್ಮಿ ಅವರ ಬೂಟಿಗೆ ಒಂದು ಗೇಣು ದೂರದಲ್ಲಿ ನಿಂತಿತು. ಎಲ್ಲರೂ ಅಕ್ಕನ ಕಡೆ ತಿರುಗಿದರು. ಅವಳು ತುಂಬಿದ ಬಾಯಿಯನ್ನು ತೋರಿಸಿ, ಕೈಯನ್ನು ನನ್ನತ್ತ ಚಾಚಿದಳು.

"ಚಿಗುವೈ ಮನೇಲಿ ಒಬ್ಬಳ ಬಾಯಿ ಮುಚ್ಚಿದ್ರೆ ಇನ್ನೊಬ್ಬಳದು ತೆರೀತದೆ," ಎಂದರು ದೋನ್ ಬೌತಿಸ್ತಾ, ಮಣ್ಣು ಕೊಡವಿಕೊಳ್ಳುತ್ತ. "ಮತ್ತೆ ಹೇಳಮ್ಮ, ಯಾವ ಕಡೆ ಓರೆ?"

ಹೇಳಿದೆ. ಅದೇ ಕೆಲಸವಾಯಿತು; ಅವರು ಮುಂದೆ ನಿಂತು ಎಳೆಸಿದರು, ನಾನು ಹಿಂದಿನಿಂದ ದಿಮ್ಮಿ ನೋಡಿ ಕೂಗಿದೆ. ನಾಲ್ಕಕ್ಕೆ ಮನೆ ಹುಲ್ಲುಗಾವಲು ಮುಟ್ಟಿತು. ಇವತ್ತೂ ಗಂಟಲು ಕೆರೆಯುತ್ತಿದೆ. ಕುರಾಂತೋ ಹೊಗೆಯಿಂದಿರಬೇಕು.

ಊಟಕ್ಕೆ ಬಿಬಿಯಾನಾ ತಾಯಿ ಜೇನು ತಂದಿದ್ದರು. "ಮೂರು ಗುರುವಾರ ಬರಲಿಲ್ಲವಲ್ಲ. ಎಂಟರ ಅಧ್ಯಯನ ಎಲ್ಲಿಗ್ಬಂತು?"

ಎಂಟು ಎಂದರೆ ಏನೆಂದು ಒಂದು ಕ್ಷಣ ಹೊಳೆಯಲೇ ಇಲ್ಲ. "ತಾಯಿ, ಆಲೂಗೆಡ್ಡೆ ತುರೀತಾ ಇದೀನಿ, ಆಮೇಲೆ ಹೇಳ್ತೀನಿ," ಎಂದೆ. ಅವರು ಯಾಕೋ ಬಹಳ ಹೊತ್ತು ನಗುತ್ತಿದ್ದರು.

ಅಕ್ಕ ಎಲ್ಲರಿಗೂ ತಾನೇ ಬಡಿಸಿದಳು. ಅವಳನ್ನು ಹೊರಗೆ ಕೂರಿಸಿದ್ದ ಮನೆಯವನೂ ಬಂದಿದ್ದ. ಅವನ ತಟ್ಟೆಗೆ ಎಲ್ಲರಿಗಿಂತ ದೊಡ್ಡ ಮಾಂಸದ ತುಂಡು ಬಿತ್ತು. ಕ್ಷಮೆಯೋ ಸೇಡೋ, ಅವನಿಗೂ ತಿಳಿದಂತಿರಲಿಲ್ಲ.

ಫೆಬ್ರವರಿ 27, ಮಂಗಳವಾರ

ನಾಳೆ ಕಾಸ್ತ್ರೋಗೆ. ಬಟ್ಟೆ ಮಡಿಸಿ ಮುಗಿಸಿದೆ. ಮಸಿ ಹತ್ತಿದ ಅಂಗಿಯನ್ನು ಒರೆಸುಬಟ್ಟೆಗಿರಲೆಂದು ಇಲ್ಲೇ ಬಿಡಲು ಹೋದೆ. ಅಕ್ಕ ಅದನ್ನು ಒಗೆದು, ಇಸ್ತ್ರಿ ಮಾಡಿ, ಪೆಟ್ಟಿಗೆಯ ಮೇಲಿಟ್ಟಿದ್ದಳು. ಗೋಡೆಯ ಗೆರೆಗೂ ಅವಳು ಸುಣ್ಣ ಬಳಿಯಲಿಲ್ಲ. ಅದರ ಎರಡೂ ಬದಿ ಬಟ್ಟಲು ತೂಗುಹಾಕಿದ್ದಾಳೆ.

ಬೆಳಿಗ್ಗೆ ಅಡುಗೆಮನೆಯ ಬಾಗಿಲಲ್ಲಿ ಕೂತು ಮಾಟೆ ಕುಡಿದೆವು. ಈಗ ಆ ಬಾಗಿಲಿಗೆ ದೋನ್ ಬೌತಿಸ್ತಾ ಮನೆಯ ಹೊಗೆ ಕಾಣುತ್ತದೆ. ಅಕ್ಕ ನನ್ನ ಸರದಿಗೆ ಸಕ್ಕರೆ ಹಾಕಲಿಲ್ಲ. ಮರೆತಳೆಂದುಕೊಂಡೆ, ಎರಡನೆಯ ಸಲವೂ ಹಾಕಲಿಲ್ಲ.

ಇದನ್ನು ಬರೆಯುತ್ತಿರುವಾಗ ಕೋಣೆಯ ಬಾಗಿಲಲ್ಲಿ ಸದ್ದಾಯಿತು. ಗಾಳಿ ಎಂದುಕೊಂಡೆ. ಮತ್ತೆ ಸದ್ದು; ಎರಡು ಸಲ, ಮೆಲ್ಲಗೆ. ಈ ಮನೆಯಲ್ಲಿ ಬಾಗಿಲು ತಟ್ಟುವವರು ಯಾರೂ ಇಲ್ಲ. ಹೋಗಿ ತೆರೆದೆ.

ಅಕ್ಕ ಹೊರಗೆ ನಿಂತಿದ್ದಳು. ಕಾಲಿಗೆ ಕಪ್ಪು ಬೂಟು.

"ಅಲ್ಬಿನಾ ಚಿಗುವೈ, ಬೇಡಿಕೊಳ್ಳೋಕೆ ಬಂದಿದೀನಿ."

ನಗಬೇಕೆನಿಸಿತು. ಅವಳ ಮುಖ ನೋಡಿ ನಗಲಿಲ್ಲ.

"ಇಲ್ಲಿ ಸಮುದ್ರದ ಸದ್ದು ಕೇಳಿಸಲ್ಲ," ಎಂದಳು. "ಅರವತ್ತೊಂದು ವರ್ಷ ಆ ಸದ್ದಲ್ಲೇ ಮಲಗಿದೋಳು. ಈ ಮೌನಕ್ಕೆ ನನಗೆ ನಿದ್ದೆ ಹತ್ತಲ್ಲ. ಜುಲೈನಲ್ಲಿ ನಿನಗೆ ಎರಡು ವಾರ ರಜೆ ಇರ್ತದೆ. ಬರೋಕೆ ಆಗುತ್ತಾ ಅಂತ. ಆಗದಿದ್ರೆ ಆಗಲ್ಲ ಅನ್ನು. ನಾನು ಸಾಯಲ್ಲ."

ಹೊಸ್ತಿಲಿಂದ ಒಂದು ಗೇಣು ಹಿಂದೆ, ಕೈ ಮುಂದೆ ಕಟ್ಟಿಕೊಂಡು, ಕಾಯುತ್ತ ನಿಂತಿದ್ದಳು. ಆ ಭುಜ ಇದೇ ಬಾಗಿಲನ್ನು ಎಷ್ಟು ಸಾವಿರ ಸಲ ನೂಕಿತ್ತೋ.

ನಾನು ಬಾಗಿಲನ್ನು ಗೋಡೆಯವರೆಗೂ ತೆರೆದು ಹಿಡಿದೆ.

"ಒಳಗೆ ಬಾ, ಅಕ್ಕಾ."